ಮಾವನ ತಲೆಗೆ ಕಟ್ಟಿದ ಬಣ್ಣ

ಹೆದರಿದಾಗ ಕೆಲವರಿಗೆ ಬಾಯಿ ಕಟ್ಟುತ್ತದೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಪೇಂಟು ಅಂಗಡಿಯ ಗಡಿಬಿಡಿಯಣ್ಣನಿಗೆ ಮಾತ್ರ ಮಾತು ಬರುತ್ತಿತ್ತು. ನಲ್ಲಿ ಮುರಿದು ನೀರು ಬರುವ ಹಾಗೆ ಬರುತ್ತಿತ್ತು. ನಿಲ್ಲಿಸಲು ಹೋದಷ್ಟೂ ಜೋರು. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದು ಬಾಯಿಂದ ಹೊರಬಿದ್ದ ಮೇಲೆ ಅವನಿಗೂ ಉಳಿದವರಂತೆ ಕೇಳಿಯೇ ತಿಳಿಯಬೇಕಿತ್ತು.

ಅಂಗಡಿಯಲ್ಲಿ ಅವನ ಕೆಲಸ ಬಣ್ಣ ಕಲಸುವುದು. ಗಿರಾಕಿ ಶೇಡ್ ಕಾರ್ಡ್ ನೋಡಿ ನಂಬರು ಹೇಳಿದರೆ, ಬಿಳಿ ಪೇಂಟಿಗೆ ಇಷ್ಟು ಹಳದಿ, ಅಷ್ಟು ಕಪ್ಪು ಎಂದು ಹನಿಸಿ, ಕೋಲು ಹಾಕಿ ತಿರುವಿ, ಮುಚ್ಚಳದ ಮೇಲೆ ಅದೇ ನಂಬರು ಬರೆದು ಕಳಿಸಬೇಕು. ಕಲಸಿ ಮಿಕ್ಕದ್ದು, ಗಿರಾಕಿ ಬೇಡವೆಂದು ವಾಪಸು ತಂದದ್ದು, ಅಳತೆ ತಪ್ಪಿ ಕೆಟ್ಟದ್ದು ಎಲ್ಲವೂ ಹಿಂಬಾಗಿಲ ಪಕ್ಕದ ಒಂದು ಡ್ರಮ್ಮಿಗೆ ಬೀಳುತ್ತಿತ್ತು. ಗೋದಾಮಿನ ಹೊರಗೋಡೆ ತೀರಾ ಹಾಳಾದಾಗ ಅದನ್ನು ಬಳಿಯುವುದೆಂದು ಯಜಮಾನರ ಲೆಕ್ಕಾಚಾರ.

ನಿವೃತ್ತ ಜಡ್ಜ್ ಸಾಹೇಬರ ಹೊಸ ಮನೆಗೆ ದಂತದ ಬಣ್ಣದ ಪೇಂಟು ಹೋಗಬೇಕಾದ ದಿನ, ಗಡಿಬಿಡಿಯಣ್ಣ ಅದನ್ನು ಒಪ್ಪವಾಗಿ ಕಲಸಿ, ನಂಬರು ಬರೆದು, ಆ ಮಿಕ್ಕ ಬಣ್ಣದ ಡ್ರಮ್ಮಿನ ಪಕ್ಕದಲ್ಲೇ ಇಟ್ಟ. ಗಾಡಿಯವನು ಬಂದು ಯಾವುದು ಎಂದು ಕೇಳುವ ಹೊತ್ತಿಗೆ ಸರಿಯಾಗಿ ಹೆಂಡತಿಯ ಫೋನು ಬಂತು.

"ರೀ, ಅಪ್ಪ ಗ್ಯಾಸ್ ಸಿಲಿಂಡರ್ ತಂದೋನ ಹತ್ರ ಜಗಳ ತೆಗೆದಿದಾರೆ. ‘ಚಿಲ್ಲರೆ ಕೊಡದೆ ಇಳಿಯೋ ಹಾಗಿಲ್ಲ’ ಅಂತ ಅವನನ್ನ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡಿದಾರೆ. ಬೇಗ ಬನ್ನಿ!"

ಮಾವನವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಸರ್ವಿಸು ಮುಗಿದಿತ್ತು, ಕಂಡಕ್ಟರಿಕೆ ಮುಗಿದಿರಲಿಲ್ಲ. ಗಡಿಬಿಡಿಯಣ್ಣ ಫೋನಿನಲ್ಲಿ "ಬಂದೆ, ಬಂದೆ" ಎನ್ನುತ್ತಲೇ ಗಾಡಿಯವನಿಗೆ ಕೈ ತೋರಿಸಿದ. ಕೈ ಎಡಕ್ಕೆ ಹೋಯಿತು. ಹೋಗಬೇಕಾದದ್ದು ಬಲಕ್ಕೆ.

ಮರುದಿನ ಮಧ್ಯಾಹ್ನ ಪೇಂಟರನ ಕರೆ ಬಂತು.

"ಅಣ್ಣಾ, ಹಾಲಿನ ಮೂರು ಗೋಡೆ ಆಯ್ತು, ಡ್ರಮ್ ಖಾಲಿ. ನಾಲ್ಕನೇದಕ್ಕೆ ಅದೇ ಬಣ್ಣ ಇನ್ನೊಂದಿಷ್ಟು ಬೇಕು. ಹಾಂ, ಸಾಹೇಬರು ನಿನ್ನ ಬರೋಕೆ ಹೇಳಿದಾರೆ."

"ನನ್ನನ್ನಾ? ಯಾಕೆ?"

"ಡ್ರಮ್ ಮೇಲೆ ನಂಬರೇ ಇಲ್ವಂತೆ."

ಗಡಿಬಿಡಿಯಣ್ಣ ನಿಧಾನವಾಗಿ ತಿರುಗಿ ಹಿಂಬಾಗಿಲ ಕಡೆ ನೋಡಿದ. ನಂಬರು ಬರೆದ ಡ್ರಮ್ಮು ಇಟ್ಟಲ್ಲೇ ಇತ್ತು.

ಸಾಹೇಬರ ಹಾಲಿನಲ್ಲಿ ಸಾಮಾನು ಇನ್ನೂ ಬಂದಿರಲಿಲ್ಲ. ಇದ್ದ ಒಂದೇ ಕುರ್ಚಿಗೆ ಪೇಪರು ಹಾಸಿಕೊಂಡು ಸಾಹೇಬರು ಕೂತಿದ್ದರು. ಖಾಲಿ ಡ್ರಮ್ಮನ್ನು ಎದುರಿಗೆ, ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು. ಗಡಿಬಿಡಿಯಣ್ಣ ಹೋಗಿ ತಾನಾಗಿಯೇ ಅದರ ಪಕ್ಕದಲ್ಲಿ ನಿಂತ.

"ಬಣ್ಣ ಕಲಸೋದು ನೀವೇನಾ?"

"ಹೌದು ಸಾರ್. ಅಲ್ಲ ಸಾರ್. ಅಂದ್ರೆ, ಕಲಸ್ತೀನಿ ಸಾರ್, ಆದ್ರೆ..."

"ಹೌದು ಅಥವಾ ಅಲ್ಲ. ಎರಡರಲ್ಲಿ ಒಂದು."

"ಹೌದು ಸಾರ್."

"ನಾನು ಆರ್ಡರ್ ಮಾಡಿದ್ದು ನಂಬರ್ ಇರೋ ಪೇಂಟು. ಬಂದದ್ದು ನಂಬರ್ ಇಲ್ಲದ ಡ್ರಮ್ಮು. ಗೋಡೆ ಹೇಗೆ ಕಾಣ್ತಿದೆ ಅನ್ನೋದು ನನಗೆ ಮುಖ್ಯ ಅಲ್ಲ. ಒಪ್ಪಿಕೊಂಡದ್ದು ಒಂದು, ಕೊಟ್ಟದ್ದು ಇನ್ನೊಂದು. ಇದಕ್ಕೆ ಕಾನೂನಿನಲ್ಲಿ ಏನಂತಾರೆ ಗೊತ್ತಾ?"

ಗಡಿಬಿಡಿಯಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಅದು ಇನ್ನೂ ಭಯಂಕರವಾಗಿ ಕಂಡಿತು. ನಲ್ಲಿ ಮುರಿಯಿತು.

"ಅದು ನನ್ನಿಂದ ಆದದ್ದಲ್ಲ ಸಾರ್. ನಮ್ಮ ಮಾವನಿಂದ!"

ಈ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ಮಾವ ಜಗಳ ತೆಗೆಯದಿದ್ದರೆ ಫೋನು ಬರುತ್ತಿರಲಿಲ್ಲ, ಫೋನು ಬರದಿದ್ದರೆ ಕೈ ಎಡಕ್ಕೆ ಹೋಗುತ್ತಿರಲಿಲ್ಲ. ಇಷ್ಟನ್ನು ಬಿಡಿಸಿ ಹೇಳಲು ಅವಕಾಶ ಸಿಕ್ಕಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ಸಾಹೇಬರ ಪತ್ನಿ, ಎಲ್ಲರೂ ಅಮ್ಮಾವ್ರು ಎನ್ನುವ ಹಿರಿಯ ಹೆಂಗಸು, ಹೊರಗೆ ಬಂದರು.

"ನಿಮ್ಮ ಮಾವನವರಾ? ಈ ಬಣ್ಣ ಆದದ್ದು ಅವರಿಂದಾನಾ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಡಿಬಿಡಿಯಣ್ಣ ಆಗ ಮೊದಲ ಸಲ ಗೋಡೆಗಳತ್ತ ಕಣ್ಣೆತ್ತಿದ. ಕಿಟಕಿಯ ಹತ್ತಿರ ಅದು ತಣ್ಣನೆಯ ಹಸಿರು. ಮೂಲೆಯಲ್ಲಿ ಬೂದಿ. ಬಿಸಿಲು ಬಿದ್ದ ಕಡೆ ಈಗಷ್ಟೇ ಚಿಗುರಿದ ಏನೋ ಒಂದು. ಇಷ್ಟು ವರ್ಷ ಕೈಯಾರೆ ಬಣ್ಣ ಕಲಸಿದವನು, ಇಂಥದ್ದನ್ನು ಅವನು ಯಾವತ್ತೂ ಕಲಸಿರಲಿಲ್ಲ.

"ಮೂವತ್ತೈದು ವರ್ಷ ಸರ್ಕಾರಿ ಕ್ವಾರ್ಟರ್ಸು ಕಣಪ್ಪಾ," ಎಂದರು ಅಮ್ಮಾವ್ರು. "ಯಾವ ಊರಿಗೆ ಹೋದ್ರೂ ಅದೇ ಹಳದಿ ಡಿಸ್ಟೆಂಪರು. ಸ್ವಂತ ಮನೆ ಆದ್ಮೇಲಾದ್ರೂ ಅಂದುಕೊಂಡ್ರೆ, ಇವ್ರು ನನ್ನನ್ನ ಕೇಳದೆ ಅಂಗಡಿಗೆ ಹೋಗಿ ಒಂದು ನಂಬರ್ ಹೇಳಿ ಬಂದ್ರು. ನನ್ನ ಮನಸ್ಸಲ್ಲಿದ್ದ ಬಣ್ಣ ನಿಮ್ಮ ಮಾವನವರಿಗೆ ಹೇಗೆ ಗೊತ್ತಾಯ್ತು?"

ಎದುರಿಗೆ ಸಾಹೇಬರ ಹುಬ್ಬು, ಪಕ್ಕದಲ್ಲಿ ಅಮ್ಮಾವ್ರ ನಗು. ಯಾರೇ ಆದರೂ ನಗುವಿನ ಕಡೆಗೇ ಓಡುತ್ತಾರೆ.

"ಅವರಿಗೆ ಗೊತ್ತಾಗುತ್ತೆ ಅಮ್ಮ. ಮನೆ ನೋಡಿದ್ರೆ ಸಾಕು."

"ನಮ್ಮ ಮನೆ ಯಾವಾಗ ನೋಡಿದ್ರು?" ಎಂದರು ಸಾಹೇಬರು.

"ವಾಕಿಂಗ್ ಬಂದಾಗ ಸಾರ್. ಹೊರಗಿಂದ. ಅವರಿಗೆ ಹೊರಗಿಂದಾನೇ ಒಳಗಿನದು ತಿಳಿಯುತ್ತೆ."

"ಈ ವಿದ್ಯೆ ಎಲ್ಲಿ ಕಲಿತದ್ದು?"

"ಅವರ ತಂದೆಯಿಂದ. ಅವರ ತಂದೆ ಅವರ ತಂದೆಯಿಂದ. ಅರಮನೆಗೆ ಬಣ್ಣ ಹೊಡೆದ ಮನೆತನ ಸಾರ್."

"ಯಾವ ಅರಮನೆ?"

"ಈಗ ಇಲ್ಲ ಸಾರ್. ಬಿದ್ದುಹೋಯ್ತು."

"ಬಣ್ಣ ಹೊಡೆದಿದ್ರು ಅಂದ್ರಲ್ಲ?"

"ಬಣ್ಣ ಇದ್ದಿದ್ದಕ್ಕೇ ಅಷ್ಟು ದಿನ ನಿಂತಿತ್ತು ಸಾರ್."

ಏಣಿಯ ಮೇಲಿದ್ದ ಪೇಂಟರ್ ಕೆಮ್ಮಿದ. ಸಾಹೇಬರು ಎದ್ದು ನಿಂತರು.

"ಭಾನುವಾರ ಸಂಜೆ ನನ್ನ ಹಳೇ ಸಹೋದ್ಯೋಗಿಗಳು ಚಹಾಕ್ಕೆ ಬರ್ತಾರೆ. ಅಷ್ಟರೊಳಗೆ ನಾಲ್ಕನೇ ಗೋಡೆಗೂ ಇದೇ ಬಣ್ಣ ಬರಬೇಕು. ಬರಲಿಲ್ಲ ಅಂದ್ರೆ ಮೂರೂ ಗೋಡೆ ಕೆರೆದು ನಾನು ಹೇಳಿದ ನಂಬರು, ನಿಮ್ಮ ಅಂಗಡಿ ಖರ್ಚಿನಲ್ಲಿ. ನಿಮ್ಮ ಯಜಮಾನರಿಗೆ ನಾನೇ ಫೋನ್ ಮಾಡ್ತೀನಿ."

ಗಡಿಬಿಡಿಯಣ್ಣ ಅಂಗಡಿ ಸೇರುವಷ್ಟರಲ್ಲಿ ಫೋನು ಬಂದು ಮುಗಿದಿತ್ತು. ಯಜಮಾನರು ಗಲ್ಲಾದ ಹಿಂದೆ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದರು.

"ಏನಯ್ಯಾ, ನಿನಗೆ ಸಂಬಳ ಕೊಡ್ತಿರೋದು ಬಣ್ಣ ಕಲಸೋಕೋ, ಬಣ್ಣ ಕಟ್ಟೋಕೋ? ಅರಮನೆ ಅಂತೆ, ಮನೆತನ ಅಂತೆ! ಸಾಹೇಬರು ಕೇಳ್ತಾರೆ, ‘ಅಂಥವರು ನಿಮ್ಮಲ್ಲಿದಾರೆ ಅಂತ ನೀವು ಹೇಳಲೇ ಇಲ್ಲ’ ಅಂತ. ನಾನೇನಂದೆ ಗೊತ್ತಾ?"

"ಏನಂದ್ರಿ?"

"‘ಪ್ರಚಾರ ಅವರಿಗೆ ಇಷ್ಟ ಆಗಲ್ಲ ಸಾರ್’ ಅಂದೆ! ಬೇರೆ ಏನನ್ನಲಿ? ಈಗ ನಾನೂ ನಿನ್ನ ಡ್ರಮ್ಮಿಗೆ ಬಿದ್ದಿದೀನಿ. ಆ ಬಣ್ಣ ಬರಬೇಕು. ಬರಲಿಲ್ಲ ಅಂದ್ರೆ ಸೋಮವಾರದಿಂದ ನೀನೂ ಬರಬೇಡ."

ಗಡಿಬಿಡಿಯಣ್ಣ ಕಲಸಲು ಕೂತ. ಬಿಳಿಗೆ ಹಸಿರು, ಹಸಿರಿಗೆ ಕಪ್ಪು, ಕಪ್ಪು ಹೆಚ್ಚಾಯಿತೆಂದು ಮತ್ತೆ ಬಿಳಿ. ಮೊದಲ ಡಬ್ಬಿ ಆಸ್ಪತ್ರೆಯ ಪರದೆಯ ಹಾಗೆ ಬಂತು. ಮುಂದಿನದು ಒಡೆದ ಹಾಲಿನ ಹಾಗೆ. ಪೇಂಟರ್ ಕದ್ದು ತಂದುಕೊಟ್ಟ, ಅದೇ ಬಣ್ಣ ಮೆತ್ತಿದ ರಟ್ಟಿನ ಚೂರನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹನಿ ಬಿಡುತ್ತಿದ್ದ. ಹನಿ ಬಿದ್ದ ಕೂಡಲೇ ಯಜಮಾನರು ಹಿಂದಿನಿಂದ "ಹೆಚ್ಚಾಯ್ತು" ಎನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಕಳೆದರೂ ಬಣ್ಣ ಕೈಗೆ ಸಿಗಲಿಲ್ಲ.

ಆ ಸಂಜೆ ಅವನು ಸ್ಕೂಟರಿನಲ್ಲಿ ಮನೆಯ ಕಡೆ ತಿರುಗಿದರೆ ಓಣಿಯ ಬಾಯಲ್ಲೇ ಒಂದು ಕಾರು ನಿಂತಿತ್ತು. ಓಣಿ ಕಿರಿದಾದ್ದರಿಂದ ಒಳಗೆ ಹೋಗಿರಲಿಲ್ಲ. ಕಾರಿನಲ್ಲಿ ಬಂದವರು ಹೋಗಿದ್ದರು. ಎದುರುಮನೆಯ ಟೈಲರಮ್ಮ ಅಳತೆಯ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡೇ ರಸ್ತೆಗೆ ಇಳಿದಿದ್ದಳು.

"ಕೋರ್ಟಿನವರು ಬಂದಿದಾರೆ! ನಿಮ್ಮ ಮಾವನವರನ್ನ ವಿಚಾರಿಸ್ತಾ ಇದಾರೆ! ಗ್ಯಾಸ್‌ನವನು ಕೇಸ್ ಹಾಕಿಬಿಟ್ನೇನೋ!"

ಗಡಿಬಿಡಿಯಣ್ಣ ಸ್ಕೂಟರನ್ನು ಅವಳ ಬಾಗಿಲಿಗೆ ಒರಗಿಸಿ ಓಡಿದ. ಮಾವನವರು ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ಎದುರಿಗೆ ಸಾಹೇಬರು, ಅಮ್ಮಾವ್ರು. ಬಾಗಿಲಲ್ಲಿ ಹೆಂಡತಿ, ಕಾಫಿ ಲೋಟ ಹಿಡಿದುಕೊಂಡು, ಕೊಡುವುದೋ ಬಿಡುವುದೋ ತಿಳಿಯದೆ ನಿಂತಿದ್ದಳು. ಮಾತು ಆಗಲೇ ಬಹಳ ಮುಂದೆ ಹೋಗಿತ್ತು.

"ಎಷ್ಟು ವರ್ಷ ಈ ಕೆಲಸ ಮಾಡಿದ್ರಿ?" ಎಂದು ಅಮ್ಮಾವ್ರು ಕೇಳುತ್ತಿದ್ದರು.

"ಜೀವಮಾನ ಪೂರ್ತಿ ಅಮ್ಮ. ಕಣ್ಣು ಮುಚ್ಚಿಕೊಂಡು ಕೊಡ್ತಿದ್ದೆ."

"ಕಣ್ಣು ಮುಚ್ಚಿಕೊಂಡು!"

"ಹೂಂ. ಬೆರಳಿಗೆ ತಾಕಿದ್ರೆ ಸಾಕು, ಇದು ಹಳದಿ, ಇದು ಗುಲಾಬಿ, ಇದು ಹಸಿರು ಅಂತ ತಿಳೀತಿತ್ತು. ಒಂದೊಂದು ಬಣ್ಣಕ್ಕೆ ಒಂದೊಂದು ರೇಟು."

ಮಾವನವರು ಹೇಳುತ್ತಿದ್ದದ್ದು ಬಸ್ಸಿನ ಟಿಕೆಟ್ಟಿನ ವಿಷಯ. ಅದು ಗೊತ್ತಿದ್ದವರು ಇಬ್ಬರೇ, ಅವರು ಮತ್ತು ಅವರ ಮಗಳು. ಮೂರನೆಯವನು ಈಗಷ್ಟೇ ಏದುಸಿರು ಬಿಡುತ್ತ ಬಂದು ಸಾಹೇಬರ ಬೆನ್ನ ಹಿಂದೆ ನಿಂತಿದ್ದ.

"ಬೆರೆಸುವಾಗ ಅಳತೆ ಹೇಗೆ?"

"ಬೆರೆಸೋದಾ? ಶಿವಶಿವಾ! ಬೆರೆಸಿದ್ರೆ ಕೆಲಸಾನೇ ಹೋಗುತ್ತಮ್ಮ. ಒಂದರ ಜೊತೆ ಒಂದು ಸೇರೋ ಹಾಗಿಲ್ಲ."

ಅಮ್ಮಾವ್ರು ಬೆರಗಾಗಿ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಬೆರೆಸದೇ ಮಾಡ್ತಾರಂತೆ."

ಸಾಹೇಬರು ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಅರಮನೆಯಲ್ಲೂ ಕೆಲಸ ಮಾಡಿದ್ರಂತಲ್ಲ?"

"ಅರಮನೆಯಾ? ನಂದೇ ಸಾರ್! ಎಷ್ಟೋ ವರ್ಷ ಅರಮನೆ ಅಂದ್ರೆ ನಾನೇ. ಬೇರೆ ಯಾರೂ ಆ ಕಡೆ ಹೋಗೋಕೆ ಒಪ್ತಾನೇ ಇರಲಿಲ್ಲ, ರಸ್ತೆ ಸರಿಯಿಲ್ಲ ಅಂತ. ಈಗ ಅದನ್ನ ತೆಗೆದುಬಿಟ್ಟಿದಾರೆ."

ಅರಮನೆ ಎಂಬ ಬಸ್ ಸ್ಟಾಪ್ ಇತ್ತೆಂಬ ವಿಷಯ ಗಡಿಬಿಡಿಯಣ್ಣನಿಗೇ ತಿಳಿದದ್ದು ಆ ಕ್ಷಣ. ತನ್ನ ಸುಳ್ಳಿಗೆ ತನಗೆ ಗೊತ್ತಿಲ್ಲದೆಯೇ ಸಾಕ್ಷಿ ಹುಟ್ಟಿದ್ದನ್ನು ಅವನು ಕಣ್ಣಾರೆ ಕಂಡ.

"ಹಾಗಾದ್ರೆ ನಾಳೆ ಬಂದು ನಮ್ಮ ನಾಲ್ಕನೇ ಗೋಡೆ ಮಾಡಿಕೊಡ್ತೀರಾ?" ಎಂದರು ಅಮ್ಮಾವ್ರು. "ಕಾರು ಕಳಿಸ್ತೀನಿ. ನೀವು ಬರಲೇಬೇಕು."

"ಗೋಡೆ?" ಎಂದರು ಮಾವನವರು.

ಕೊಡೆಯ ಕಡ್ಡಿ ಕೈಯಲ್ಲೇ ನಿಂತಿತು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಅವರ ಬೆನ್ನ ಹಿಂದೆ ಅಳಿಯ ಕೈ ಮುಗಿದ, ಕೆನ್ನೆ ಬಡಿದುಕೊಂಡ, ಗಾಳಿಯಲ್ಲಿ ಇಲ್ಲದ ಗೋಡೆಗೆ ಇಲ್ಲದ ಬ್ರಷ್ಷಿನಿಂದ ಬಣ್ಣ ಬಳಿದು ತೋರಿಸಿದ. ಮಾವನವರು ಅವನ ಮುಖವನ್ನೇ ದಿಟ್ಟಿಸಿದರು. ಟಿಕೆಟ್ ಇಲ್ಲದೆ ಹತ್ತಿದವನ ಮುಖ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಓಣಿಯಲ್ಲಿ ಟೈಲರಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಬರ್ತೀನಮ್ಮ," ಎಂದರು ಮಾವನವರು.

ಕಾರು ಹೊರಟ ಮೇಲೆ ಒಳಗೆ ನಡೆದ ವಿಚಾರಣೆ ಸಾಹೇಬರದ್ದಕ್ಕಿಂತ ಕಠಿಣವಾಗಿತ್ತು. ಗಡಿಬಿಡಿಯಣ್ಣ ಡ್ರಮ್ಮಿನಿಂದ ಅರಮನೆಯವರೆಗೆ ಒಂದೂ ಬಿಡದೆ ಒಪ್ಪಿಸಿದ. ಹೆಂಡತಿ ಕೇಳಿ ಮುಗಿಸಿ, ತಣ್ಣಗಾದ ಕಾಫಿಯನ್ನು ತಾನೇ ಕುಡಿದಳು.

"ನಿಮಗಂತೂ ಬುದ್ಧಿ ಇಲ್ಲ. ಅಪ್ಪಾ, ನಿನಗೇನಾಗಿತ್ತು? ‘ನನಗೆ ಗೊತ್ತಿಲ್ಲ’ ಅಂದಿದ್ರೆ ಮುಗೀತಿತ್ತಲ್ಲ?"

ಮಾವನವರು ಕೊಡೆ ಬಿಚ್ಚಿ ನೋಡಿ ಮಡಿಸಿದರು.

"ರಿಟೈರ್ ಆದ್ಮೇಲೆ ಎಲ್ಲರೂ ‘ನೀವು ಇಲ್ಲೇ ಇರಿ’, ‘ನಿಮಗ್ಯಾಕೆ ಇದೆಲ್ಲ’ ಅಂತಾನೇ ಹೇಳ್ತಿದೀರಿ. ‘ನೀವು ಬರಲೇಬೇಕು’ ಅಂತ ಒಬ್ಬರು ಬಾಗಿಲಿಗೆ ಬಂದು ಕೇಳಿದ್ದು ಇವತ್ತೇ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣೇ."

ಮಗಳು ಎದ್ದು ಅಪ್ಪನ ಖಾಕಿ ಶರ್ಟಿಗೆ ಇಸ್ತ್ರಿ ಹಾಕಲು ಹೋದಳು. ಗಡಿಬಿಡಿಯಣ್ಣ ಸ್ಕೂಟರ್ ಏರಿ ಅಂಗಡಿಗೇ ವಾಪಸು ಹೋದ. ಆ ರಾತ್ರಿ ಕೊನೆಗೂ ಒಂದು ಡಬ್ಬಿ ರಟ್ಟಿನ ಚೂರಿಗೆ ಹತ್ತಿರ ಬಂತು. ಅದೇ ಎಂದು ಹೇಳುವ ಹಾಗಿರಲಿಲ್ಲ. ಆದರೆ ದೀಪದ ಬೆಳಕಿನಲ್ಲಿ, ಚಹಾ ಕುಡಿಯುತ್ತ ನೋಡುವವರಿಗೆ ಸಾಕಿತ್ತು. ಯಜಮಾನರು ಅದನ್ನು ನೋಡಿ ಮೊದಲ ಸಲ "ಹೆಚ್ಚಾಯ್ತು" ಎನ್ನಲಿಲ್ಲ. ಉಪಾಯ ಸರಳವಾಗಿತ್ತು: ಕಲಸಿದ ಡಬ್ಬಿ ತೆಗೆದುಕೊಂಡು ಹೋಗುವುದು, ಮಾವನವರು ಕೋಲಿನಿಂದ ಅದನ್ನು ಗಂಭೀರವಾಗಿ ತಿರುವುವುದು, ಪೇಂಟರ್ ಬಳಿಯುವುದು, ಎಲ್ಲರೂ ಮನೆಗೆ ಬರುವುದು.

"ಮಾವ, ಬರೀ ತಿರುವಿ. ಏನೂ ಹಾಕಬೇಡಿ. ಏನೂ ಮಾತಾಡಬೇಡಿ."

"ನನಗೆ ಹೇಳಿಕೊಡ್ತೀರಾ ಅಳಿಯಂದ್ರೇ? ನೀವು ಬಾಯಿ ಮುಚ್ಚಿಕೊಂಡಿದ್ರೆ ಸಾಕು."

ಭಾನುವಾರ ಬೆಳಿಗ್ಗೆಯೇ ಹಾಲಿನಲ್ಲಿ ಜನ ಸೇರಿದ್ದರು. ಸಾಹೇಬರು ಅದೇ ಕುರ್ಚಿಯಲ್ಲಿ. ಅಮ್ಮಾವ್ರು ಶಾಲು ಹೊದ್ದು ಕಿಟಕಿಯ ಪಕ್ಕ. ಕೈ ಹಿಸುಕಿಕೊಳ್ಳುತ್ತಿದ್ದ ಯಜಮಾನರು. ತಂದೆಯ ಜೊತೆ ಬಂದ ಮಗಳು. ಯಾರೂ ಕರೆಯದಿದ್ದರೂ ಕಾರಿನಲ್ಲಿ ಜಾಗವಿತ್ತೆಂದು ಹತ್ತಿ ಬಂದ ಟೈಲರಮ್ಮ. ಮಾವನವರು ಇಸ್ತ್ರಿ ಮಾಡಿದ ಖಾಕಿ ಶರ್ಟು ಹಾಕಿದ್ದರು. ಬರುತ್ತಲೇ "ದಾರಿ ಬಿಡಿ, ಒಳಗೆ ಸರೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಎಲ್ಲರನ್ನೂ ಗೋಡೆಯಿಂದ ದೂರ ಸರಿಸಿದರು. ಸಾಹೇಬರೂ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡರು.

ಡಬ್ಬಿಯ ಮುಚ್ಚಳ ತೆರೆಯಿತು. ಮಾವನವರು ಕೋಲು ಹಾಕಿ ತಿರುವಿದರು. ಬಣ್ಣ ನುಣ್ಣಗೆ ಸುಳಿಯಿತು. ಗಡಿಬಿಡಿಯಣ್ಣ ಉಸಿರು ಬಿಟ್ಟ.

"ಒಂದು ನಿಮಿಷ," ಎಂದರು ಸಾಹೇಬರು. "ಇದು ಅಂಗಡಿಯಲ್ಲೇ ಕಲಸಿ ತಂದದ್ದು. ಇದನ್ನ ತಿರುವೋಕೆ ಯಾರಾದ್ರೂ ಆಗುತ್ತೆ. ನಿಮ್ಮ ಕೈಚಳಕ ಇದರಲ್ಲಿ ಎಲ್ಲಿದೆ?"

ಜೀವಮಾನವಿಡೀ ಜನರ ಎದುರು ಸೋಲದೆ ನಿಂತ ಮನುಷ್ಯ ಮಾವನವರು. ಶೋಭೆ ಇರಲೆಂದು ಗಡಿಬಿಡಿಯಣ್ಣ ತಂದಿಟ್ಟಿದ್ದ ಬಣ್ಣದ ಶೀಶೆಗಳ ಕಡೆ ಅವರ ಕೈ ಹೋಯಿತು.

"ಮಾವ!" ಎಂದ ಗಡಿಬಿಡಿಯಣ್ಣ.

"ಕೈಚಳಕ ಈಗ ಬರುತ್ತೆ ಸಾರ್," ಎಂದು ಮಾವನವರು ಕೈಗೆ ಸಿಕ್ಕಿದ ಶೀಶೆಯನ್ನು ಡಬ್ಬಿಗೆ ಬಗ್ಗಿಸಿದರು.

ಸಿಕ್ಕಿದ್ದು ಕೆಂಪು. ಹನಿಯಾಗಿ ಬೀಳಬೇಕಾದದ್ದು ಧಾರೆಯಾಗಿ ಬಿತ್ತು. ಶೀಶೆಯ ತಳ ಖಾಲಿಯಾಗುವವರೆಗೆ ಅವರು ಬಹಳ ಗಾಂಭೀರ್ಯದಿಂದ ಹಿಡಿದುಕೊಂಡೇ ಇದ್ದರು. ನಂತರ ತಿರುವಿದರು. ಹಸಿರು ಬೂದಿ ಮುಳುಗಿ, ಇಟ್ಟಿಗೆಯ ಪುಡಿ ಕಲಸಿಟ್ಟ ಹಾಗೆ ಒಂದು ಮಂಕು ಗುಲಾಬಿ ಮೇಲೆ ಬಂತು. ಪೇಂಟರ್ ಯಾರ ಮುಖವನ್ನೂ ನೋಡದೆ ರೋಲರನ್ನು ಅದ್ದಿ ನಾಲ್ಕನೇ ಗೋಡೆಯ ಮೇಲೆ ಒಂದು ಅಗಲವಾದ ಪಟ್ಟೆ ಎಳೆದ.

ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ಆ ಗೋಡೆಗೇ ಒರಗಲು ಹೋಗಿ, ಬಣ್ಣ ಹಸಿಯೆಂದು ನೆನಪಾಗಿ, ಹಾಗೆಯೇ ಓಲಾಡುತ್ತ ನಿಂತರು. ಸಾಹೇಬರು ಎದ್ದರು. ಕನ್ನಡಕ ಹಾಕಿಕೊಂಡು ಹೊಸ ಪಟ್ಟೆಯ ಹತ್ತಿರ ಬಗ್ಗಿ ನೋಡಿದರು. ಪಕ್ಕದ ಗೋಡೆ ನೋಡಿದರು. ಮತ್ತೆ ಪಟ್ಟೆ ನೋಡಿದರು.

"ಸರಿ. ತಾಳೆಯಾಗಿದೆ. ಮುಂದುವರಿಸಿ."

ಎರಡು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಚೇತರಿಸಿಕೊಂಡವರು ಯಜಮಾನರು.

"ಅದೇ ಬಣ್ಣ! ಕೂದಲೆಳೆ ವ್ಯತ್ಯಾಸ ಇಲ್ಲ! ಸಾಹೇಬರ ಕಣ್ಣೇ ಕಣ್ಣು!"

ಮಾವನವರು ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. ಅಮ್ಮಾವ್ರು ಮಾತ್ರ ಗೋಡೆ ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದರು.

"ರೀ, ಇದು ಅದೇ ಬಣ್ಣನಾ?"

"ಹೌದು."

ಅಮ್ಮಾವ್ರು ಗಡಿಬಿಡಿಯಣ್ಣನ ಕಡೆ ತಿರುಗಿದರು. "ನೀವು ಹೇಳಿಯಪ್ಪಾ. ಬಣ್ಣದ ಕೆಲಸದವರು ನೀವು. ಇದು ಅದೇ ಬಣ್ಣನಾ?"

ಯಜಮಾನರು ಹಿಂದಿನಿಂದ ಅವನ ಸೊಂಟ ಚಿವುಟಿದರು. ಹೌದು ಎಂದರೆ ಕೆಲಸ ಉಳಿಯುತ್ತದೆ, ಮಾವ ಉಳಿಯುತ್ತಾರೆ, ಅರಮನೆಯೂ ಉಳಿಯುತ್ತದೆ. ಗಡಿಬಿಡಿಯಣ್ಣ ಸಾಹೇಬರನ್ನು ನೋಡಿದ. ಅವರ ಹಣೆಯ ಮೇಲೆ ಬೆವರು ಮೂಡಿತ್ತು. ಅವರ ಕಣ್ಣು ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು, ಎಲ್ಲರಿಗೂ ಕಾಣುವ ಏನನ್ನೋ ಹುಡುಕುತ್ತಿರುವ ಹಾಗೆ. ಅಂಥ ಬೆವರು ಗಡಿಬಿಡಿಯಣ್ಣನಿಗೆ ಚೆನ್ನಾಗಿ ಪರಿಚಯವಿತ್ತು.

ವಿಚಿತ್ರವೆಂದರೆ, ಅವನಿಗೆ ಮಾತೇ ಹೊರಡಲಿಲ್ಲ. ಬಹಳ ಹೊತ್ತಾದ ಮೇಲೆ ಒಂದೇ ಒಂದು ಹೊರಬಿತ್ತು.

"ಅಲ್ಲಮ್ಮ."

ಅದರ ಹಿಂದೆಯೇ ಉಳಿದದ್ದೂ ಬಂತು. "ಆ ಮೂರು ಗೋಡೆ ಹಸಿರು. ಇದು ಇಟ್ಟಿಗೆ ಬಣ್ಣ. ನಮ್ಮ ಮಾವ ಬಸ್ ಕಂಡಕ್ಟರು. ಅರಮನೆ ಅನ್ನೋದು ಬಸ್ ಸ್ಟಾಪು."

"ಮತ್ತೆ ಆ ಬಣ್ಣ ಕಲಸಿದ್ದು ಯಾರು?"

"ಯಾರೂ ಕಲಸಿಲ್ಲಮ್ಮ. ಅದು ಮಿಕ್ಕದ್ದರ ಡ್ರಮ್ಮು. ಸ್ಕೂಲ್ ಗೇಟಿನ ಹಸಿರು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನೀಲಿ, ಬ್ಯಾಂಕಿನ ಬೂದಿ, ಮೂಲೆಮನೆಯವರು ಚೆನ್ನಾಗಿಲ್ಲ ಅಂತ ವಾಪಸ್ ಕೊಟ್ಟ ಕೆನೆ. ಬಿದ್ದು ಬಿದ್ದು ತಾನಾಗೇ ಬೆರೆತದ್ದು."

"ಹಾಗಾದ್ರೆ ನೀವು ಹೇಳಿದ ಆ ಮನೆತನ, ಮೂರು ತಲೆಮಾರು?"

ಗಡಿಬಿಡಿಯಣ್ಣ ತಲೆ ತಗ್ಗಿಸಿದ.

"ಅದೊಂದು ಮಾತ್ರ ನಾನೇ ಕಲಸಿದ್ದಮ್ಮ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಆದರೆ ಸಿಡಿಯಬೇಕಾದ ಸಿಡಿಲು ಆ ಕಡೆಗೆ ಬರಲೇ ಇಲ್ಲ. ಅಮ್ಮಾವ್ರು ಗಂಡನ ಎದುರಿಗೆ ಹೋಗಿ ನಿಂತಿದ್ದರು.

"ನಿಮಗೆ ಈ ಎರಡೂ ಒಂದೇ ಥರ ಕಾಣುತ್ತೆ."

"ನೋಡು, ಬಣ್ಣ ಅನ್ನೋದು ಬೆಳಕಿನ ಮೇಲೆ, ನಿಂತ ಜಾಗದ ಮೇಲೆ ಅವಲಂಬಿಸಿರುವಾಗ..."

"ಹೌದು ಅಥವಾ ಅಲ್ಲ. ಎರಡರಲ್ಲಿ ಒಂದು."

ಸಾಹೇಬರು ಕನ್ನಡಕ ತೆಗೆದರು. "ಹೌದು."

"ಯಾವಾಗಿಂದ?"

"ಹುಟ್ಟಿದಾಗಿಂದ. ಹಸಿರು, ಕೆಂಪು ಎರಡೂ ನನಗೆ ಒಂದೇ. ಅದಕ್ಕೇ ನಂಬರ್ ಹೇಳ್ತೀನಿ."

"ನನ್ನ ಶಾಲು ಚೆನ್ನಾಗಿದೆ, ಈ ಬಣ್ಣ ನಿನಗೆ ಒಪ್ಪುತ್ತೆ ಅಂತ ಹೇಳ್ತಿದ್ದದ್ದೆಲ್ಲ?"

"ಅಂದಾಜು."

"ಮೂವತ್ತೈದು ವರ್ಷ ಅಂದಾಜಿನ ಮೇಲೆ ತೀರ್ಪು ಕೊಟ್ರಾ?"

"ಮೇಲ್ಮನವಿ ಬರಲಿಲ್ಲ," ಎಂದರು ಸಾಹೇಬರು ಮೆಲ್ಲಗೆ.

ಅಮ್ಮಾವ್ರು ಪೇಂಟರನ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಗಡಿಬಿಡಿಯಣ್ಣನ ಹೆಂಡತಿ ಹತ್ತಿರ ಹೋದಳು. ಹೋಗಿ ನೋಡಿದರೆ ನಗು; ಬಾಯಿಗೆ ಶಾಲಿನ ಸೆರಗು ತುರುಕಿಕೊಂಡರೂ ನಿಲ್ಲದ ನಗು. ಕಣ್ಣಲ್ಲಿ ನೀರೂ ಇತ್ತು.

"ಒಂದು ಮಾತು ಹೇಳಬಾರದಿತ್ತಾ? ಪ್ರತಿ ಊರಲ್ಲೂ ಆ ಹಳದಿ ಗೋಡೆ ನೋಡಿ ನಾನು ಗೊಣಗೋವಾಗ ನೀವು ಸುಮ್ಮನೆ ತಲೆ ಆಡಿಸ್ತಿದ್ರಿ. ಅದು ಹೇಗಿದ್ರೂ ನಿಮಗೆ ಚಿಂತೆ ಇಲ್ಲ ಅಂದುಕೊಂಡಿದ್ದೆ."

"ಹೇಳಿದ್ರೆ ನೀನು ನನ್ನನ್ನ ಕೇಳೋದು ಬಿಟ್ಟುಬಿಡ್ತಿದ್ದೆ," ಎಂದರು ಸಾಹೇಬರು. ಆ ಮಾತಿಗೆ ಹಾಲಿನಲ್ಲಿದ್ದವರೆಲ್ಲ ಬೇರೆ ಬೇರೆ ಕಡೆ ನೋಡತೊಡಗಿದರು. ಟೈಲರಮ್ಮ ಮಾತ್ರ ನೇರವಾಗಿ ನೋಡುತ್ತಿದ್ದಳು.

ಅಮ್ಮಾವ್ರು ಕಣ್ಣೊರೆಸಿಕೊಂಡು ಎದ್ದರು. "ಪೇಂಟರಪ್ಪಾ, ಈ ಗೋಡೆ ಪೂರ್ತಿ ಮಾಡಿಬಿಡು. ಇದೇ ಬಣ್ಣ."

"ಇದೇ ಇಟ್ಟಿಗೆದಾ ಅಮ್ಮ?"

"ಹೂಂ. ಅವರಿಗೆ ನಾಲ್ಕೂ ಗೋಡೆ ಒಂದೇ ಬಣ್ಣದ ಮನೆ ಸಿಗುತ್ತೆ. ನನಗೆ ಎರಡು ಬಣ್ಣದ ಮನೆ. ಇಬ್ಬರಿಗೂ ನಷ್ಟ ಇಲ್ಲ." ಆಮೇಲೆ ಯಜಮಾನರತ್ತ ತಿರುಗಿದರು. "ನಿಮ್ಮ ಆ ಡ್ರಮ್ಮು ಮತ್ತೆ ತುಂಬಿದಾಗ ಹೇಳಿಕಳಿಸಿ. ಮೇಲಿನ ರೂಮು ಬಾಕಿ ಇದೆ."

ಯಜಮಾನರ ಮುಖಕ್ಕೆ ರಕ್ತ ವಾಪಸು ಬಂತು. "ನಾಳೇನೇ ತುಂಬಿಸ್ತೀನಿ ಅಮ್ಮ! ಇವನ ಕೈಗೆ ಕೊಟ್ರೆ ಯಾವುದೂ ಸರಿಯಾಗಿ ಬರಲ್ಲ, ಬೇಗ ತುಂಬುತ್ತೆ!" ಇದು ಸೋಮವಾರ ಕೆಲಸಕ್ಕೆ ಬಾ ಎನ್ನುವುದರ ಯಜಮಾನರ ರೀತಿಯೆಂದು ಗಡಿಬಿಡಿಯಣ್ಣ ಅರ್ಥಮಾಡಿಕೊಂಡ.

ಮಾವನವರು ಎರಡೂ ಕೈ ಕಟ್ಟಿ ತಮ್ಮ ಗೋಡೆಯನ್ನು ನೋಡುತ್ತಿದ್ದರು. ಮಗಳು ತೋಳು ಹಿಡಿದು ಎಳೆದರೂ ಬರಲಿಲ್ಲ. ಪೇಂಟರನ ರೋಲರ್ ಕೊನೆಯ ಮೂಲೆ ಮುಟ್ಟುವವರೆಗೆ "ಅಲ್ಲಿ ಬಿಟ್ಟಿದೆ, ಇಲ್ಲಿ ಬಿಟ್ಟಿದೆ" ಎಂದು ಹೇಳಿಕೊಡುತ್ತಲೇ ಇದ್ದರು. ಅಮ್ಮಾವ್ರೇ ಬಂದು "ನಿಮ್ಮಿಂದ ಬಹಳ ಉಪಕಾರ ಆಯ್ತು" ಎಂದ ಮೇಲೆ, ಇನ್ನು ಈ ಮನೆ ನಡೆಯುತ್ತದೆ ಎಂದು ಖಾತ್ರಿಯಾದವರಂತೆ ಹೊರಟರು.

ಎಲ್ಲರೂ ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಸಾಹೇಬರು ಬೇಗ ಬೇಗ ನಡೆದು ಬರುತ್ತಿದ್ದರು. ಗಡಿಬಿಡಿಯಣ್ಣ ಮಾವನ ಹಿಂದೆ ಸರಿದ. ಸಾಹೇಬರು ಅವನನ್ನು ಗೇಟಿನ ಕಂಬದ ಮರೆಗೆ ಕರೆದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು.

"ಈಗ ಅವಳು ಹೊದ್ದಿದ್ದಾಳಲ್ಲ ಶಾಲು. ಅದು ಯಾವ ಬಣ್ಣ?"

"ಪಾಚಿ ಹಸಿರು ಸಾರ್."

"ಪಾಚಿ ಹಸಿರು," ಎಂದು ಸಾಹೇಬರು ಮನಸ್ಸಿನಲ್ಲಿ ಬರೆದುಕೊಂಡರು. "ಒಪ್ಪುತ್ತಾ ಅವಳಿಗೆ? ನಿಜ ಹೇಳಿ."

"ಬಹಳ ಒಪ್ಪುತ್ತೆ ಸಾರ್."

ಸಾಹೇಬರು ತಲೆಯಾಡಿಸಿ ಒಳಗೆ ಹೋದರು. ಹಾಲಿನ ಕಿಟಕಿ, ಬಣ್ಣ ಆರಲೆಂದು, ತೆರೆದೇ ಇತ್ತು.

"ಆ ಪಾಚಿ ಹಸಿರು ಶಾಲು ನಿನಗೆ ಬಹಳ ಒಪ್ಪುತ್ತೆ," ಎಂಬ ಗಂಭೀರವಾದ ದನಿ ಹೊರಗೆ ಕೇಳಿಸಿತು.

ಅದರ ಹಿಂದೆಯೇ ಅಮ್ಮಾವ್ರ ದನಿ.

"ಗೇಟಿನ ತನಕ ಓಡಿಹೋಗಿ ಯಾರನ್ನ ಕೇಳಿ ಬಂದ್ರಿ?"

"ಸಾಕ್ಷಿಯ ಹೆಸರು ಬಹಿರಂಗಪಡಿಸೋ ಹಾಗಿಲ್ಲ," ಎಂದರು ಸಾಹೇಬರು.